ಕಡಲಹಂದಿ, ಕಡಲಹಸು, ತಿಮಿಂಗಿಲ: ಸಾಗರ ಸಸ್ತನಿಗಳ ಬಗೆ ಮತ್ತು ಹೊಂದಾಣಿಕೆ

ಕಡಲಿನ ಜೀವಿಗಳಿಗೆ ಜನಪದರು ಹೆಸರಿಡುವ ಕ್ರಮದಲ್ಲಿ ಒಂದು ತರ್ಕವಿದೆ. ನೀರಿನ ಅಪರಿಚಿತವನ್ನು ನೆಲದ ಪರಿಚಿತದ ಮೂಲಕ ಗ್ರಹಿಸುವುದೇ ಆ ತರ್ಕ. ಕನ್ನಡದ ಕಡಲಹಂದಿ, ಕಡಲಹಸು, ನೀರುನಾಯಿ ಮೊದಲಾದ ಪದಗಳು ಈ ಬಗೆಯವು. ಕಡಲಸಿಂಹದಂಥ ಪದ ಮಾತ್ರ ಅನುವಾದದ ದಾರಿಯಿಂದ ಬಂದುದು. ಆ ಪ್ರಾಣಿ ನಮ್ಮ ಕರಾವಳಿಯದಲ್ಲ. ಡಾಲ್ಫಿನ್ ಜಾತಿಯ ಪ್ರಾಣಿಗಳನ್ನು ಮಲಯಾಳದಲ್ಲಿ ‘ಕಡಲ್‌ಪ್ಪನ್ನಿ’ ಎಂದೂ ತಮಿಳಿನಲ್ಲಿ ‘ಕಡಲ್‌ಪನ್ರಿ’ ಎಂದೂ ಕರೆಯುತ್ತಾರೆ. ಎರಡರ ಅರ್ಥವೂ ಕಡಲಹಂದಿಯೇ. ಇಂಗ್ಲಿಷಿನ ‘ಪಾರ್ಪಸ್’ ಲ್ಯಾಟಿನ್ನಿನ ಹಂದಿ ಮತ್ತು ಮೀನು ಎಂಬ ಎರಡು ಪದಗಳು ಕೂಡಿ ಆದುದು. ಜರ್ಮನ್ನರು ಅದೇ ಪ್ರಾಣಿಯನ್ನು ‘ಹಂದಿ ತಿಮಿಂಗಿಲ’ ಎಂಬರ್ಥದ ಪದದಿಂದ ಗುರುತಿಸುತ್ತಾರೆ. ಚೀನೀ ಬರಹದಲ್ಲಿ ಡಾಲ್ಫಿನ್ ಎಂದರೆ ಕಡಲ ಹಂದಿ, ಯಾಂಗ್‌ಟ್ಸಿ ನದಿಯ ಪಾರ್ಪಸ್ ಎಂದರೆ ಹೊಳೆಯ ಹಂದಿ.

ಇಷ್ಟು ದೂರದ ಭಾಷೆಗಳು ಒಂದೇ ಪ್ರಾಣಿಯನ್ನು ನೆನೆದುದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಲಾಗದು. ಬಲೆಯಲ್ಲಿ ಸಿಕ್ಕ ಡಾಲ್ಫಿನ್ನನ್ನು ಸೀಳಿದವನಿಗೆ ಮೊದಲು ಕಾಣುವುದು ಚರ್ಮದಡಿಯ ದಪ್ಪ ಕೊಬ್ಬು. ದೋಣಿಯಲ್ಲಿ ಕುಳಿತವನಿಗೆ ಮೊದಲು ಕೇಳುವುದು ಅದು ಮೇಲೆದ್ದು ಉಸಿರು ಬಿಡುವಾಗಿನ ಬುಸುಗುಟ್ಟುವ ಸದ್ದು. ಮೀನಿಗೆ ಈ ಎರಡೂ ಇಲ್ಲ. ಅಂದರೆ ಜನಪದರ ಹೆಸರು ಹಿಡಿದಿಟ್ಟಿರುವುದು ಆ ಪ್ರಾಣಿಯ ಎರಡು ಮುಖ್ಯ ದೈಹಿಕ ಲಕ್ಷಣಗಳನ್ನು: ಮೈಯ ಶಾಖವನ್ನು ಉಳಿಸಿಕೊಳ್ಳುವ ಕೊಬ್ಬಿನ ಪದರ, ಗಾಳಿಯನ್ನೇ ಉಸಿರಾಡುವ ಶ್ವಾಸಕೋಶ.

ಇದಕ್ಕೆ ಹೋಲಿಸಿದರೆ ಗ್ರಂಥಸ್ಥ ಪರಂಪರೆ ಹಿಂದೆ ಬಿದ್ದಿತ್ತೆನ್ನಬೇಕು. ‘ತಿಮಿ’ ಎಂಬ ಮಹಾಮತ್ಸ್ಯವನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ. ಸಂಸ್ಕೃತದ ಈ ಪದಸರಣಿ ಗಾತ್ರವನ್ನು ಹೇಳುತ್ತದೆಯೇ ಹೊರತು ಸ್ವಭಾವವನ್ನಲ್ಲ. ಅಮರಕೋಶವೂ ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿಯೇ ಇರಿಸುತ್ತದೆ. ಗ್ರೀಸಿನ ಅರಿಸ್ಟಾಟಲ್ ಡಾಲ್ಫಿನ್ ಮರಿಹಾಕಿ ಹಾಲೂಡಿಸುತ್ತದೆ, ಶ್ವಾಸಕೋಶದಿಂದ ಉಸಿರಾಡುತ್ತದೆ ಎಂಬುದನ್ನು ಗುರುತಿಸಿದ್ದ. ಆದರೂ ಲಿನೇಯಸ್ ತಿಮಿಂಗಿಲಗಳನ್ನು ಸಸ್ತನಿಗಳ ವರ್ಗಕ್ಕೆ ಸೇರಿಸಿದ್ದು 1758ರಲ್ಲಿ. ಅನಂತರವೂ ವಿವಾದ ತಣ್ಣಗಾಗಲಿಲ್ಲ. 1818ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತು. ಮೀನೆಣ್ಣೆಯ ತಪಾಸಣೆಗೆ ಶುಲ್ಕವಿದ್ದ ಕಾಲವದು. ತಿಮಿಂಗಿಲದ ಎಣ್ಣೆ ಮೀನೆಣ್ಣೆಯೇ ಅಲ್ಲವೇ ಎಂಬುದು ಪ್ರಶ್ನೆ. ಸ್ಯಾಮ್ಯುಯೆಲ್ ಮಿಚೆಲ್ ಎಂಬ ವಿದ್ವಾಂಸ ತಿಮಿಂಗಿಲ ಮೀನಲ್ಲವೆಂದು ಸಾಕ್ಷ್ಯ ನುಡಿದರೂ ಜ್ಯೂರಿ ಅದನ್ನು ಮೀನೆಂದೇ ತೀರ್ಮಾನಿಸಿತು.

ಸಾಗರ ಸಸ್ತನಿಗಳೆಂಬುದು ಒಂದೇ ಮೂಲದ ಕುಲವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನೆಲದ ಮೇಲಿದ್ದ ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲದಲ್ಲಿ ನೀರಿಗೆ ಮರಳಿದುದರ ಫಲವಿದು. ತಿಮಿಂಗಿಲ, ಡಾಲ್ಫಿನ್, ಪಾರ್ಪಸ್‌ಗಳದು ಒಂದು ಗಣ. ಇದರಲ್ಲಿ ಹಲ್ಲುಳ್ಳವು ಒಂದು ಬಗೆ. ಹಲ್ಲಿನ ಬದಲು ಮೇಲ್ದವಡೆಯಿಂದ ಬಾಚಣಿಗೆಯಂತೆ ಇಳಿಬಿದ್ದ ಫಲಕಗಳಿಂದ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುವವು ಇನ್ನೊಂದು ಬಗೆ. ಮೂವತ್ತು ಮೀಟರಿನವರೆಗೆ ಬೆಳೆಯಬಲ್ಲ ನೀಲಿ ತಿಮಿಂಗಿಲ ಎರಡನೆಯ ಬಗೆಯದು. ಡ್ಯೂಗಾಂಗ್ ಮತ್ತು ಮೂರು ಜಾತಿಯ ಮ್ಯಾನಟೀಗಳದು ಸಸ್ಯಾಹಾರಿ ಗಣ. ಸೀಲ್, ಕಡಲಸಿಂಹ, ವಾಲ್ರಸ್‌ಗಳು ಮಾಂಸಾಹಾರಿ ಪ್ರಾಣಿಗಳ ಗಣಕ್ಕೆ ಸೇರಿದವು. ಕಡಲ ನೀರುನಾಯಿ, ಹಿಮಕರಡಿಗಳನ್ನೂ ಸಾಮಾನ್ಯವಾಗಿ ಈ ಪಟ್ಟಿಗೆ ಸೇರಿಸಲಾಗುತ್ತದೆ.

ಜನಪದ ಹೆಸರುಗಳನ್ನು ಈ ವಂಶಾವಳಿಯೊಡನೆ ಹೋಲಿಸುವುದು ಕುತೂಹಲಕರ. ಜರ್ಮನ್ನರು ಸೀಲ್ ಪ್ರಾಣಿಯನ್ನು ಕಡಲನಾಯಿ ಎನ್ನುತ್ತಾರೆ. ಸೀಲ್ ನಿಜಕ್ಕೂ ನಾಯಿ, ಕರಡಿಗಳ ದೂರದ ದಾಯಾದಿ. ಕಡಲಹಂದಿಯ ವಿಷಯದಲ್ಲಿಯೂ ಹೆಸರು ಬಹುದೂರ ಹೋಗಿಲ್ಲ: ತಿಮಿಂಗಿಲ ಕುಲದ ಹತ್ತಿರದ ನಂಟ ನೀರಾನೆ, ಹಂದಿಯೂ ಅದೇ ಗೊರಸಿನ ಪ್ರಾಣಿಗಳ ವಿಶಾಲ ಬಳಗದ್ದು. ಕಡಲಹಸುವಿನಲ್ಲಿ ಮಾತ್ರ ಹೆಸರು ತಪ್ಪಿದೆ. ಮೇಯುವ ಗುಣ ಹಸುವಿನದಾದರೂ ಡ್ಯೂಗಾಂಗ್ ಆನೆಯ ನಂಟ. ಗಂಡಿಗೆ ಸಣ್ಣ ಕೋರೆಗಳೂ ಇರುತ್ತವೆ.

ತಿಮಿಂಗಿಲಗಳ ಮೂಲದ ಕತೆ ಭಾರತ ಉಪಖಂಡದ ನೆಲದಲ್ಲಿಯೇ ಹುದುಗಿತ್ತು. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಪ್ರದೇಶದ ಕಾಲಾಕೋಟ್‌ನಲ್ಲಿ ಸಂಗ್ರಹಿಸಿದ ಪಳೆಯುಳಿಕೆಗಳಿಂದ ‘ಇಂಡೋಹಯಸ್’ ಎಂಬ ಸಣ್ಣ ಗೊರಸಿನ ಪ್ರಾಣಿಯನ್ನು 1971ರಲ್ಲಿ ಹೆಸರಿಸಿದರು. ಅದರ ಕಿವಿಯ ಮೂಳೆ ತಿಮಿಂಗಿಲಗಳದ್ದನ್ನೇ ಹೋಲುತ್ತದೆಂಬುದು 2007ರಲ್ಲಿ ಹ್ಯಾನ್ಸ್ ಥೆವಿಸೆನ್ ಮತ್ತು ಸಂಗಡಿಗರ ಅಧ್ಯಯನದಿಂದ ಸ್ಪಷ್ಟವಾಯಿತು. ಪಾಕಿಸ್ತಾನದಲ್ಲಿ ದೊರೆತ ‘ಪಾಕಿಸೀಟಸ್’, ‘ಆಂಬ್ಯುಲೊಸೀಟಸ್’, ಗುಜರಾತಿನ ಕಚ್ಛ್‌ನಲ್ಲಿ ದೊರೆತ ‘ಕಚ್ಛಿಸೀಟಸ್’ ಇವು ನಾಲ್ಕು ಕಾಲಿನ ಪ್ರಾಣಿ ಹಂತಹಂತವಾಗಿ ನೀರಿಗೆ ಒಗ್ಗಿದ ಸರಣಿಯನ್ನು ತೋರಿಸುತ್ತವೆ. ಇಂದಿನ ತಿಮಿಂಗಿಲದ ಈಜುರೆಕ್ಕೆಯೊಳಗೂ ಬೆರಳೆಲುಬುಗಳಿವೆ. ಸೊಂಟದ ಮೂಳೆಯ ಅವಶೇಷ ಒಡಲಲ್ಲಿ ಉಳಿದಿದೆ.

ಬಾಲವೂ ಪೂರ್ವಜರ ನಡಿಗೆಯನ್ನು ಮರೆತಿಲ್ಲ. ಮೀನಿನ ಬಾಲ ಲಂಬವಾಗಿದ್ದು ಎಡಬಲಕ್ಕೆ ಬಡಿಯುತ್ತದೆ. ಡಾಲ್ಫಿನ್, ಡ್ಯೂಗಾಂಗ್‌ಗಳ ಬಾಲ ಅಡ್ಡಲಾಗಿದ್ದು ಮೇಲೆ ಕೆಳಗೆ ಬಡಿಯುತ್ತದೆ. ನೆಲದ ಮೇಲೆ ನಾಗಾಲೋಟದಲ್ಲಿ ಓಡುವ ಪ್ರಾಣಿಯ ಬೆನ್ನೆಲುಬು ಮೇಲೆ ಕೆಳಗೆ ಬಾಗುವ ಚಲನೆಯೇ ಇದು.

ಉಸಿರಿನ ಸಮಸ್ಯೆಯನ್ನು ಈ ಪ್ರಾಣಿಗಳು ಬಗೆಹರಿಸಿಕೊಂಡ ರೀತಿ ಇನ್ನೂ ಬೆರಗಿನದು. ತಿಮಿಂಗಿಲದ ಮೂಗು ನೆತ್ತಿಗೇರಿದೆ. ಆಳಕ್ಕೆ ಮುಳುಗುವಾಗ ಅದು ಗಾಳಿಯನ್ನು ಶ್ವಾಸಕೋಶದಲ್ಲಿ ಹೊತ್ತೊಯ್ಯುವುದಕ್ಕಿಂತ ಆಮ್ಲಜನಕವನ್ನು ರಕ್ತದಲ್ಲಿಯೂ ಸ್ನಾಯುಗಳ ಮಯೋಗ್ಲೋಬಿನ್ನಿನಲ್ಲಿಯೂ ಕೂಡಿಟ್ಟುಕೊಂಡು ಹೋಗುತ್ತದೆ. ಎದೆಬಡಿತ ನಿಧಾನವಾಗುತ್ತದೆ, ರಕ್ತ ಮಿದುಳು, ಹೃದಯಗಳಿಗೆ ಮೀಸಲಾಗುತ್ತದೆ, ಒತ್ತಡಕ್ಕೆ ಶ್ವಾಸಕೋಶ ಮುದುಡುತ್ತದೆ. ಕುವಿಯೆಯ ಕೊಕ್ಕಿನ ತಿಮಿಂಗಿಲ 2,992 ಮೀಟರ್ ಆಳಕ್ಕೆ ಇಳಿದ ದಾಖಲೆ 2014ರಲ್ಲಿಯೂ, ಒಂದೇ ಮುಳುಗಿನಲ್ಲಿ 3 ಗಂಟೆ 42 ನಿಮಿಷ ಇದ್ದ ದಾಖಲೆ 2020ರಲ್ಲಿಯೂ ಪ್ರಕಟವಾಗಿವೆ. ಮೇಲೆದ್ದು ಉಸಿರಾಡಲೇಬೇಕಾದ ಕಾರಣ ಡಾಲ್ಫಿನ್‌ಗಳು ಮಿದುಳಿನ ಅರ್ಧಭಾಗವನ್ನು ಮಾತ್ರ ಸರದಿಯಲ್ಲಿ ಮಲಗಿಸುತ್ತವೆ.

ಚಳಿಗೆ ಬಹುಪಾಲು ಪ್ರಾಣಿಗಳು ಕಂಡುಕೊಂಡ ಉತ್ತರ ಕೊಬ್ಬು. ಕಡಲ ನೀರುನಾಯಿಗೆ ಆ ಕೊಬ್ಬಿಲ್ಲ; ಅದು ಪ್ರಾಣಿಲೋಕದಲ್ಲೇ ಅತಿ ದಟ್ಟವಾದ ತುಪ್ಪಳದ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ. ಆ ತುಪ್ಪಳವೇ ಅದಕ್ಕೆ ಮೃತ್ಯುವಾಯಿತೆಂಬುದು ಚರಿತ್ರೆ: ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಚರ್ಮದ ವ್ಯಾಪಾರ ಅದನ್ನು ಅಳಿವಿನ ಅಂಚಿಗೆ ತಳ್ಳಿತು. ಹಾಲಿನಲ್ಲಿಯೂ ಕೊಬ್ಬಿನದೇ ಕಾರುಬಾರು. ಹಿಮಗಡ್ಡೆಯ ಮೇಲೆ ಹುಟ್ಟುವ ಹುಡೆಡ್ ಸೀಲ್ ಮರಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇರುವ ಹಾಲನ್ನು ಕುಡಿದು ಸುಮಾರು ನಾಲ್ಕೇ ದಿನದಲ್ಲಿ ಮೊಲೆ ಬಿಡುತ್ತದೆ. ಡ್ಯೂಗಾಂಗ್‌ನ ಸಮಸ್ಯೆ ಬೇರೆ: ಮೇಯಲು ತಳಕ್ಕೆ ಇಳಿಯಬೇಕು. ಅದರ ದಟ್ಟವಾದ, ಭಾರದ ಎಲುಬುಗಳು ಬಲೆಗೆ ಕಟ್ಟಿದ ಸೀಸದ ಗುಂಡಿನಂತೆ ಕೆಲಸ ಮಾಡುತ್ತವೆ.

ಬೆಳಕಿಲ್ಲದೆಡೆ ಹಲ್ಲುಳ್ಳ ತಿಮಿಂಗಿಲಗಳಿಗೆ ಶಬ್ದವೇ ಕಣ್ಣು. ಹಣೆಯ ಕೊಬ್ಬಿನ ಗಡ್ಡೆಯ ಮೂಲಕ ಹೊರಟ ಸದ್ದು ಎದುರಿನ ವಸ್ತುವಿಗೆ ತಾಗಿ ಮರಳಿದಾಗ ಕೆಳದವಡೆ ಅದನ್ನು ಒಳಗಿವಿಗೆ ಮುಟ್ಟಿಸುತ್ತದೆ. ಗಂಗೆಯ ಕದಡಿದ ನೀರಿನಲ್ಲಿರುವ ‘ಸೂಂಸ್’ ಎಂಬ ಡಾಲ್ಫಿನ್ ಬಹುತೇಕ ಕುರುಡು. ಅದರ ಕಣ್ಣಿನಲ್ಲಿ ಮಸೂರವೇ ಇಲ್ಲ. ಸೂಂಸ್ ಎಂಬ ಹೆಸರನ್ನು ಅದರ ಉಸಿರಿನ ಸದ್ದಿನ ಅನುಕರಣೆಯೆಂದು ವಿವರಿಸುವುದುಂಟು. ಅಶೋಕನ ಐದನೆಯ ಸ್ತಂಭಶಾಸನ ಅವಧ್ಯವೆಂದು ಸಾರುವ ಪ್ರಾಣಿಗಳಲ್ಲಿ ‘ಗಂಗಾಪುಪುಟಕ’ ಎಂಬುದೊಂದಿದೆ. ಅದು ಈ ಡಾಲ್ಫಿನ್ನೇ ಎಂಬುದು ಹಲವು ವಿದ್ವಾಂಸರ ಅಭಿಮತ.

ಪುರಾಣಗಳು ಈ ದೇಹವಿಶೇಷಗಳನ್ನು ತಮ್ಮದೇ ರೀತಿಯಲ್ಲಿ ಬಲ್ಲವು. ಉತ್ತರ ಧ್ರುವಪ್ರದೇಶದ ಇನ್ಯೂಟ್ ಜನರ ಕಥೆಯಲ್ಲಿ ಸೆಡ್ನಾ ಎಂಬಾಕೆಯನ್ನು ತಂದೆಯೇ ದೋಣಿಯಿಂದ ತಳ್ಳುತ್ತಾನೆ. ಅಂಚನ್ನು ಹಿಡಿದ ಅವಳ ಬೆರಳುಗಳನ್ನು ಕತ್ತರಿಸಿದಾಗ ಅವು ಸೀಲ್, ವಾಲ್ರಸ್, ತಿಮಿಂಗಿಲಗಳಾಗುತ್ತವೆ. ಈಜುರೆಕ್ಕೆಯೊಳಗಿನ ಬೆರಳುಗಳನ್ನು ಕಂಡವರೇ ಬೇಟೆಯ ಆ ಜನ. ಹಾಗೆಂದು ಪುರಾಣವನ್ನು ಅಂಗರಚನಾಶಾಸ್ತ್ರದ ಪಾಠವೆಂದು ಓದುವುದು ಅತಿಯಾದೀತು. ಆಹಾರವಾದ ಪ್ರಾಣಿಗೆ ತೀರಿಸಬೇಕಾದ ಋಣವೇ ಆ ಕಥೆಯ ಕೇಂದ್ರ. ವಿಯೆಟ್ನಾಮಿನ ಬೆಸ್ತರು ದಡಕ್ಕೆ ಬಿದ್ದ ತಿಮಿಂಗಿಲಕ್ಕೆ ಶವಸಂಸ್ಕಾರ ಮಾಡಿ, ಎಲುಬುಗಳನ್ನು ಗುಡಿಯಲ್ಲಿರಿಸಿ ಪೂಜಿಸುವುದರಲ್ಲಿಯೂ ಈ ಋಣಭಾವವಿದೆ.

ಋಣಭಾವವಿಲ್ಲದ ಬೇಟೆಗೆ ಸ್ಟೆಲ್ಲರನ ಕಡಲಹಸು ನಿದರ್ಶನ. ಬೇರಿಂಗ್ ದ್ವೀಪದ ಬಳಿ ಜಾರ್ಜ್ ಸ್ಟೆಲ್ಲರ್ ಅದನ್ನು 1741ರಲ್ಲಿ ಕಂಡ. 1768ರ ಹೊತ್ತಿಗೆ ಅದು ನಿರ್ನಾಮವಾಯಿತು. ಅರಬ್ಬೀ ಸಮುದ್ರದ ಗೂನು ತಿಮಿಂಗಿಲಗಳು ಬೇರೆಡೆಯ ತಮ್ಮ ಬಂಧುಗಳಂತೆ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಇರುವ ಪ್ರತ್ಯೇಕ ಗುಂಪು. 1966ರಲ್ಲಿ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ, ಭಾರತಗಳ ತೀರದಾಚೆ ಅಕ್ರಮವಾಗಿ ಇಂಥ 242 ಪ್ರಾಣಿಗಳನ್ನು ಕೊಂದವು. ಆ ನಷ್ಟದಿಂದ ಈ ಗುಂಪು ಚೇತರಿಸಿಕೊಂಡಿಲ್ಲ.

ಭಾರತದಲ್ಲಿ ಡ್ಯೂಗಾಂಗ್ ಉಳಿದಿರುವುದು ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಚ್ಛ್ ಕೊಲ್ಲಿ ಮತ್ತು ಅಂಡಮಾನ್‌ಗಳಲ್ಲಿ. 2022ರಲ್ಲಿ ತಮಿಳುನಾಡು ಸರ್ಕಾರ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಅದಕ್ಕಾಗಿ ಮೀಸಲಿಟ್ಟಿತು. ಕರ್ನಾಟಕದ ಕರಾವಳಿಯಲ್ಲಿ ದಡಕ್ಕೆ ಹತ್ತಿರ ಕಾಣುವುದು ಗೂನುಬೆನ್ನಿನ ಡಾಲ್ಫಿನ್ ಮತ್ತು ಬೆನ್ನುರೆಕ್ಕೆಯಿಲ್ಲದ ಪಾರ್ಪಸ್. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ, ಮಂಗಳೂರಿನ ಅಳಿವೆಯ ಆಸುಪಾಸಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಕಾಣಸಿಗುತ್ತವೆ. ಆಳವಿಲ್ಲದ ನೀರಿಗೆ, ಮೀನು ಸಮೃದ್ಧವಾದ ಅಳಿವೆಗೆ ಒಗ್ಗಿಕೊಂಡ ಈ ಪ್ರಾಣಿ ಬೆಸ್ತರು ಬಲೆ ಬೀಸುವ ಜಾಗದಲ್ಲಿಯೇ ಬದುಕಬೇಕಾಗಿದೆ. ತೆಳುವಾದ ನೈಲಾನ್ ಬೀಡುಬಲೆಯ ಇರವು ಅದಕ್ಕೆ ಎಷ್ಟೋ ಸಲ ತಡವಾಗಿ ತಿಳಿಯುತ್ತದೆ. ಸಿಕ್ಕಿಬಿದ್ದ ಮೀನು ಬಲೆಯೆಳೆಯುವವರೆಗೂ ಜೀವ ಹಿಡಿದಿರಬಹುದು. ಡಾಲ್ಫಿನ್ ಮೇಲೆದ್ದು ಉಸಿರಾಡಲಾಗದೆ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯುತ್ತದೆ.