ಮಕ್ಕಳ ಕುಂಚವೂ ನ್ಯಾಯದ ಪಾಠವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: 2021ರಲ್ಲಿ ವಿಜಯನಗರ ಜಿಲ್ಲೆಯು ರೂಪುಗೊಂಡಾಗ ಹೊಸಪೇಟೆಯೊಡನೆ ಕೂಡಿಕೊಂಡ ಈ ಐದು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿ ಬಾಳುವ ಸೀಮೆ. ಮಲ್ಲಿಗೆಗೆ ಹಡಗಲಿ, ತೇರಿಗೆ ಕೊಟ್ಟೂರು, ಕಾರಣಿಕಕ್ಕೆ ಮೈಲಾರ ಎಂಬುದನ್ನು ನಾಡೆಲ್ಲ ಬಲ್ಲದು. ಆದರೆ ಈ ಸೀಮೆಯ ಕೆಲವು ಮಕ್ಕಳು ಶಾಲೆಯ ಹೊಸ್ತಿಲಲ್ಲಿಯೇ ಎದುರಿಸುತ್ತ ಬಂದ ಪ್ರಶ್ನೆಯೊಂದನ್ನು ನಾಡು ಅಷ್ಟಾಗಿ ಅರಿಯದು. "ತಂದೆಯ ಹೆಸರೇನು?" ಎಂಬುದೇ ಆ ಪ್ರಶ್ನೆ.

ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಸಂತಾನಕ್ಕೆ ಈ ಪ್ರಶ್ನೆ ಮುಳ್ಳಿನಂತಹದು. ಬಳ್ಳಾರಿ ಸೀಮೆಯು ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗಲೇ, 1947ರಲ್ಲಿ, ಈ ಪದ್ಧತಿಯನ್ನು ತಡೆಯುವ ಕಾಯಿದೆ ಬಂದಿತು. 1953ರಲ್ಲಿ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. 1982ರಲ್ಲಿ ಕರ್ನಾಟಕವು ತನ್ನದೇ ನಿಷೇಧ ಕಾಯಿದೆಯನ್ನು ಮಾಡಿತು. 2025ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಮಸೂದೆಯು ತಾಯಿಯಿಂದ ಮುಂದೆ ಹೋಗಿ ಮಕ್ಕಳ ಹಕ್ಕನ್ನೂ ಎತ್ತಿಹಿಡಿದು, ತಂದೆಯ ಹೆಸರನ್ನು ಬರೆಯಲೇಬೇಕೆಂಬ ಒತ್ತಾಯದಿಂದ ಅವರನ್ನು ಬಿಡಿಸಲು ಹೊರಟಿತು. ಕಾಯಿದೆಯಿಂದ ಅರ್ಜಿಯ ನಮೂನೆ ಬದಲಾದೀತು. ಪಕ್ಕದ ಮಣೆಯ ಮೇಲೆ ಕುಳಿತ ಗೆಳೆಯನ ಪಿಸುಮಾತು ಬದಲಾಗಬೇಕಾದರೆ ಮತ್ತೊಂದು ಸಾಧನ ಬೇಕು. ಕಥೆ ಮತ್ತು ಚಿತ್ರ ಅಂತಹ ಸಾಧನಗಳೆಂಬುದು ಈ ಬರಹದ ಅರಿಕೆ.

ನ್ಯಾಯ ಎಂಬ ಶಬ್ದ ಮಗುವಿಗೆ ತಿಳಿಯದಿರಬಹುದು. ಅನ್ಯಾಯದ ರುಚಿ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. ಬೆಲ್ಲದ ಚೂರನ್ನು ಹಂಚುವಾಗ ಕೂಸು ತೂಕ ನೋಡುವ ಬಗೆಯನ್ನು ಯಾವ ತಾಯಿ ಕಂಡಿಲ್ಲ? ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನೇ ನೋಡಿರಿ. ಹಗರಿಬೊಮ್ಮನಹಳ್ಳಿಯ ಹುಡುಗರು ಇದು ತಮ್ಮೂರಿನದೇ ಕಥೆಯೆಂದು ಹಿಗ್ಗಿದರೆ ಹಿಗ್ಗಲಿ. ಇಲಿಗಳ ಮೆರವಣಿಗೆಯನ್ನು ಬಿಡಿಸುವಾಗ ಅವರಿಗೆ ನಗು ತಡೆಯದು. ಆದರೆ ಕಥೆಯ ತಿರುಳು ಕೂಲಿಯದು. ಕೆಲಸ ಮಾಡಿಸಿಕೊಂಡು ಮಾತಿಗೆ ತಪ್ಪಿದವರು ದೊಡ್ಡವರು. ಅದರ ಫಲವನ್ನು ಉಂಡವರು ಮಕ್ಕಳು. ಸುಗ್ಗಿ ಮುಗಿಯುತ್ತಲೆ ಗುಳೆ ಹೋಗುವ ಮನೆಗಳ ಮಗು ಈ ಮಾತನ್ನು ಬೇಗನೆ ಹಿಡಿಯುತ್ತದೆ. "ಜೋಗಿಗೆ ಕೊಡಬೇಕಾದ ಹಣ ಕೊಟ್ಟಿದ್ದರೆ ಊರು ಹೇಗಿರುತ್ತಿತ್ತು? ಅದನ್ನು ಬಿಡಿಸು" ಎಂದು ಕೇಳಿದ ಉಪಾಧ್ಯಾಯರು ಅರ್ಧ ಪಾಠವನ್ನು ಮುಗಿಸಿದಂತೆಯೇ ಸರಿ.

ಚಿತ್ರವೇ ಮಾತಾಡುವ ಪುಸ್ತಕಗಳೂ ಉಂಟು. 2011ರಲ್ಲಿ ಪ್ರಕಟವಾದ 'ಭೀಮಾಯಣ'ದಲ್ಲಿ ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಗಳು ಅಂಬೇಡ್ಕರರ ಬಾಳನ್ನು ಬಿಡಿಸಿದ್ದಾರೆ. ತಂದೆಯನ್ನು ಕಾಣಲೆಂದು ಮಸೂರು ನಿಲ್ದಾಣದಲ್ಲಿ ರೈಲಿಳಿದ ಬಾಲಕ ಭೀಮನಿಗೆ ಜಾತಿಯ ಕಾರಣದಿಂದ ಬಂಡಿ ಸಿಕ್ಕದು. ಇಮ್ಮಡಿ ಬಾಡಿಗೆಗೆ ಒಪ್ಪಿದ ಬಂಡಿಯವನೂ ಅವರೊಡನೆ ಕೂರಲೊಲ್ಲದೆ ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಿದ್ದರೂ ಕುಡಿಯಲು ನೀರಿಲ್ಲ. ಈ ಪುಸ್ತಕದಲ್ಲಿ ಕಟುಮಾತಿನ ಆವರಣಕ್ಕೆ ಚೇಳಿನ ಕೊಂಡಿಯಿದೆ. ಮೆಲುಮಾತಿನ ಆವರಣ ಹಕ್ಕಿಯ ಆಕಾರದ್ದು. ಇಷ್ಟನ್ನು ತೋರಿಸಿ, "ನೀವು ಕೇಳಿದ ಮಾತುಗಳಲ್ಲಿ ಚೇಳು ಯಾವುದು, ಹಕ್ಕಿ ಯಾವುದು?" ಎಂದರೆ ಸಾಕು. ಉಪನ್ಯಾಸ ಹೇಳಲಾರದುದನ್ನು ಹತ್ತು ವರ್ಷದ ಮಗು ಬರೆದು ತೋರಿಸೀತು.

ನಮ್ಮ ಸೀಮೆಯಲ್ಲಿಯೇ ಇಂತಹ ಸಾಮಗ್ರಿಗೆ ಬರವಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳಿಂದ ರಾಮಾಯಣವನ್ನು ಆಡಿಸಿದಂತೆ ಗಾಂಧೀಜಿಯ ಕಥೆಯನ್ನೂ ಆಡಿಸಿದರು. ಆ ಗಾಂಧೀಜಿಯ ಚಿತಾಭಸ್ಮವನ್ನಿರಿಸಿದ ಸ್ಮಾರಕ ಕೂಡ್ಲಿಗಿಯಲ್ಲಿದೆ. ಹಳೆಯ ರಟ್ಟು, ಒಂದು ಬಿಳಿ ಪಂಚೆ, ಒಂದು ದೀಪ ಇದ್ದರೆ ಶಾಲೆಯ ಕೋಣೆಯೂ ಗೊಂಬೆಯಾಟದ ರಂಗವಾದೀತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಬಾಳೂ ಅಂತಹದೊಂದು ಕಥೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸಿ, ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಜೋಗತಿ ನೃತ್ಯದಿಂದ ತಲೆಯೆತ್ತಿ ನಿಂತ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಊರು ಹಳಿದ ಕೈಯೇ ದೇಶದ ಹಿರಿಯನನ್ನು ಹರಸಿತು! ಅದನ್ನು ಬಿಡಿಸಿದ ಮಗು, ಸಂತೆಯಲ್ಲಿ ಕಂಡ ಜೋಗತಿಯತ್ತ ಕಲ್ಲೆಸೆಯುವ ಮುನ್ನ ಒಂದು ಗಳಿಗೆ ತಡೆದೀತು.

ಆದರೆ ಉಪಾಧ್ಯಾಯರು ನೆನಪಿಡತಕ್ಕ ಸಂಗತಿಗಳು ಮೂರು. "ನಿನ್ನ ಮನೆಯ ದುಃಖವನ್ನು ಬಿಡಿಸು" ಎಂದು ಎಂದಿಗೂ ಕೇಳಬಾರದು. ಹತ್ತು ಕಣ್ಣುಗಳ ಎದುರು ಗಾಯವನ್ನು ಬಿಚ್ಚಿಸುವುದು ಮತ್ತೊಂದು ಅನ್ಯಾಯ. ಭೀಮನ ಬಂಡಿಯನ್ನು ಬಿಡಿಸಹೇಳಿದರೆ, ತನ್ನ ನೋವನ್ನು ಅದರಲ್ಲಿ ಎಷ್ಟು ಇರಿಸಬೇಕೆಂಬುದನ್ನು ಮಗುವೇ ನಿಶ್ಚಯಿಸುತ್ತದೆ. ಎರಡನೆಯದಾಗಿ, ಕಥೆಯನ್ನು ಕಣ್ಣೀರಿನಲ್ಲಿ ಬಿಟ್ಟೇಳಬಾರದು, "ಬಂಡಿಯವನು ಏನು ಮಾಡಬಹುದಿತ್ತು?" ಎಂದು ಕೇಳಬೇಕು. ಕನಿಕರಕ್ಕಿಂತ ಕರ್ತವ್ಯ ದೊಡ್ಡದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೆಮ್ಮಣ್ಣು, ಸುಣ್ಣ, ಇದ್ದಿಲು, ಅರಿಸಿನ ಇವುಗಳಲ್ಲಿ ಯಾವ ಬಣ್ಣವಾದರೂ ಆಗಲಿ, ಕೇರಿಯ ಮಗುವೂ ಊರಿನ ಮಗುವೂ ಒಂದೇ ಬಟ್ಟಲಿನಲ್ಲಿ ಕುಂಚವನ್ನು ಅದ್ದಬೇಕು, ಒಂದೇ ಕೊಡದ ನೀರನ್ನು ಕುಡಿಯಬೇಕು. ಇದು ತಪ್ಪಿದರೆ ಗೋಡೆಯ ಮೇಲಿನ ಚಿತ್ರಗಳೆಲ್ಲ ಬರಿಯ ಅಲಂಕಾರ.

ಪುಸ್ತಕ ಎಲ್ಲಿಂದ ತರುವುದೆಂಬ ಚಿಂತೆಗೂ ದಾರಿಯುಂಟು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಆ ಕಪಾಟುಗಳ ಬೀಗ ತೆರೆದಿರಬೇಕು. ಶಾಲೆಯ ಉಪಾಧ್ಯಾಯರೂ ಗ್ರಂಥಪಾಲಕರೂ ವಾರಕ್ಕೊಂದು ಸಂಜೆ ಜೊತೆಗೂಡಬೇಕು. ಹಡಗಲಿಯಲ್ಲಿ ರಂಗಭಾರತಿಯನ್ನು ಕಟ್ಟಿದ ಎಂ. ಪಿ. ಪ್ರಕಾಶರಂತಹ ಕಲಾಭಿಮಾನಿಗಳನ್ನು ಕಂಡ ಸೀಮೆಗೆ ಇದು ದೊಡ್ಡ ಹೊರೆಯಲ್ಲ. ತಾಯಿಯ ಹೆಸರೊಂದನ್ನೇ ಚಿತ್ರದ ಕೆಳಗೆ ಬರೆದು, ಅಳುಕದೆ ಅದನ್ನು ಗೋಡೆಗೆ ಅಂಟಿಸಬಲ್ಲ ಮಗು ಪ್ರತಿ ಶಾಲೆಯಲ್ಲಿಯೂ ಕಾಣಸಿಗುವ ದಿನ, ಆ ಕಾಯಿದೆಗಳು ಕೊಟ್ಟ ಮಾತು ನಿಜವಾದೀತು.