ನಿಮಗಿದು ಗೊತ್ತೆ? ಹಾಡಿನ ಡಬ್ಬಿಗೆ ನೋಕಿಯಾ ಜೀವ!

ರಾಯಬಾಗ, ಅಥಣಿ ಕಡೆ ಕಬ್ಬಿನ ಹೊಲದಲ್ಲಿ ಭಜನೆ ಪದ ಹಾಡುವ ಪುಟ್ಟ ಎಂಪಿ3 ಡಬ್ಬಿಯ ಹಿಂಬದಿ ಮುಚ್ಚಳ ತೆಗೆಯಿರಿ. ಎಷ್ಟೋ ಡಬ್ಬಿಗಳಲ್ಲಿ ಕಾಣುವುದು ಹಳೇ ನೋಕಿಯಾ 1100 ಫೋನಿನ ಬ್ಯಾಟರಿ! 2003ರಲ್ಲಿ ಬಂದ ಆ ಟಾರ್ಚ್ ಫೋನು ಜಗತ್ತಿನಾದ್ಯಂತ 25 ಕೋಟಿ ಮಾರಾಟವಾಯಿತು. ಅದರ ‘ಬಿಎಲ್-5ಸಿ’ ಬ್ಯಾಟರಿ ಎಲ್ಲೆಡೆ ಸಿಗತೊಡಗಿತು. ಡಬ್ಬಿ ತಯಾರಕರೂ ಅದೇ ಅಳತೆಯ ಗೂಡು ಮಾಡಿಟ್ಟರು. 3.7 ವೋಲ್ಟ್, ಅಂಚಿನಲ್ಲಿ ಮೂರು ಹೊಳೆಯುವ ಪಟ್ಟಿ. ಸವೆದರೆ ಉಗುರಲ್ಲೇ ಎಬ್ಬಿಸಿ ಬದಲಿಸಬಹುದು. ಸಾವಿರಾರು ರೂಪಾಯಿಯ ಐಪಾಡ್‌ಗೆ ಈ ಭಾಗ್ಯವಿರಲಿಲ್ಲ!

ಹಳೆಯ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿಯಂತೆ ಸುತ್ತಿತೇ? ಹೊಟ್ಟೆ ಉಬ್ಬಿದೆ ಎಂದರ್ಥ. ಮತ್ತೆ ಚಾರ್ಜಿಗೆ ಹಾಕಬೇಡಿ.