ಎಡಗಾಲಿಗೆ ಡ್ರಮ್ಮು, ಎದೆಗೆ ಯೂಫೋನಿಯಂ

ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಲು ಕೂತವರ ಕಾಲುಗಳನ್ನು ಒಮ್ಮೆ ಗಮನಿಸಬೇಕು. ಮೈದಾನದ ಆ ತುದಿಯಿಂದ ಬ್ಯಾಂಡ್ ಹೊರಟಾಗ ರಾಗ ಇನ್ನೂ ಸರಿಯಾಗಿ ಕಿವಿಗೆ ಬಿದ್ದಿರುವುದಿಲ್ಲ, ಕೇಳುವುದು ದೊಡ್ಡ ಡ್ರಮ್ಮಿನ ಧಂ ಧಂ ಮಾತ್ರ. ಅಷ್ಟಕ್ಕೇ ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜನ ಹಿಮ್ಮಡಿ ಏಳುತ್ತದೆ, ಫೋನಿನಲ್ಲಿ ಮುಳುಗಿದ್ದ ಹುಡುಗನ ಬೂಟು ನೆಲ ಬಡಿಯತೊಡಗುತ್ತದೆ. ಸಂಗೀತ ಕಛೇರಿಯಲ್ಲಿ ತಾಳ ಹಾಕುವವರು ತಾಳ ಗೊತ್ತಿದ್ದು ಹಾಕುತ್ತಾರೆ. ಇಲ್ಲಿ ಬುದ್ಧಿಗೆ ಗೊತ್ತಾಗುವ ಮೊದಲೇ ಕಾಲು ಒಪ್ಪಿಬಿಟ್ಟಿರುತ್ತದೆ.

ಇದರ ಹಿಂದೆ ಸರಳವಾದ ಒಂದು ಲೆಕ್ಕವಿದೆ. ನಮ್ಮ ಸೇನೆಯ ಕ್ವಿಕ್ ಮಾರ್ಚಿನ ವೇಗ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ಜನ ತಮ್ಮ ಪಾಡಿಗೆ ತಾವು ನಡೆಯುವಾಗಲೂ ಹೆಜ್ಜೆಯ ಗತಿ ಹೆಚ್ಚೂಕಡಿಮೆ ಅದೇ ಎಂದು ಅಳೆದು ನೋಡಿದವರು ಹೇಳುತ್ತಾರೆ. ಮೈಗೆ ಮೊದಲೇ ರೂಢಿಯಾದ ಗತಿಯನ್ನೇ ಬ್ಯಾಂಡು ಗಟ್ಟಿಯಾಗಿ ನುಡಿಸುತ್ತದೆ. ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ 1941ರಲ್ಲಿ ಸೈನ್ಯಕ್ಕೆ ಸೇರಿ ಟೆಕ್ಸಾಸಿನ ಬಿಸಿಲಲ್ಲಿ ಗಂಟೆಗಟ್ಟಲೆ ಕವಾಯತು ಮಾಡಿದವರು. ಅರ್ಥವಿಲ್ಲದ ಆ ನಡಿಗೆಯಲ್ಲಿ ತಾನು ತನ್ನ ಮೈಯ ಅಳತೆಯನ್ನು ಮೀರಿ ದೊಡ್ಡವನಾದಂತೆ ಅನಿಸಿದ್ದು ಅವರಿಗೆ ಮರೆತುಹೋಗಲಿಲ್ಲ. ಅರ್ಧ ಶತಮಾನದ ಮೇಲೆ, 1995ರಲ್ಲಿ, ಒಟ್ಟಾಗಿ ಹೆಜ್ಜೆ ಹಾಕುವ ಮನುಷ್ಯರ ಚರಿತ್ರೆಯನ್ನೇ ಒಂದು ಪುಸ್ತಕವಾಗಿ ಬರೆದರು.

ಹೆಜ್ಜೆಯ ಸುಖವಷ್ಟೇ ಆಗಿದ್ದರೆ ಡ್ರಮ್ಮೊಂದೇ ಸಾಕಿತ್ತು. ಮಾರ್ಚ್ ಕೇಳುವಾಗ ಗಂಟಲು ಬಿಗಿಯುವುದು ಬೇರೆ ಕಾರಣಕ್ಕೆ, ಅದು ಈ ಸಂಗೀತದ ರಚನೆಯಲ್ಲಿದೆ.

ಒಂದು ಸಾಮಾನ್ಯ ಮಾರ್ಚ್ ಮೂರು, ನಾಲ್ಕು ನಿಮಿಷದ್ದು. ಮೊದಲು ಎಲ್ಲ ವಾದ್ಯಗಳೂ ಒಟ್ಟಾಗಿ ಕೂಗುವ ನಾಲ್ಕೋ ಎಂಟೋ ಆವರ್ತಗಳ ಪೀಠಿಕೆ. ಆಮೇಲೆ ಒಂದು ಚುರುಕಾದ ಭಾಗ ಎರಡು ಸಲ, ಅದಕ್ಕೆ ಉತ್ತರದಂತೆ ಇನ್ನೊಂದು ಭಾಗ ಎರಡು ಸಲ. ಇಲ್ಲಿಯವರೆಗೆ ಗತ್ತು, ಗಮ್ಮತ್ತು, ಎದೆ ಸೆಟೆಸುವ ಕೆಲಸ. ನಂತರ ಬರುವುದು ಟ್ರಿಯೊ. ನಮ್ಮ ಸಂಗೀತದಲ್ಲಿ ಕಛೇರಿ ಮುಗಿಯುವ ತನಕ ಷಡ್ಜ ಅಲ್ಲಾಡುವುದಿಲ್ಲ, ತಂಬೂರಿ ಅದನ್ನು ಹಿಡಿದಿಟ್ಟಿರುತ್ತದೆ. ಮಾರ್ಚಿನ ಟ್ರಿಯೊದಲ್ಲಿ ಷಡ್ಜವೇ ಎದ್ದು ಮಧ್ಯಮದ ಜಾಗಕ್ಕೆ ಹೋಗಿ ಕೂರುತ್ತದೆ. ಸದ್ದು ತಗ್ಗುತ್ತದೆ, ಟ್ರಂಪೆಟ್ಟುಗಳು ಹಿಂದೆ ಸರಿಯುತ್ತವೆ, ಕ್ಲ್ಯಾರಿನೆಟ್ಟುಗಳು ಒಂದು ಉದ್ದನೆಯ, ಹಾಡಬಹುದಾದ ರಾಗ ಎತ್ತಿಕೊಳ್ಳುತ್ತವೆ. ಹೆಜ್ಜೆಯ ವೇಗ ಒಂದಿಷ್ಟೂ ಬದಲಾಗಿರುವುದಿಲ್ಲ. ಕಾಲು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಮನಸ್ಸು ಹಿಂದಕ್ಕೆ ತಿರುಗುತ್ತದೆ. ನನ್ನ ಮಟ್ಟಿಗೆ ಮಾರ್ಚ್ ಎಂದರೆ ಟ್ರಿಯೊ, ಉಳಿದದ್ದು ಅಲ್ಲಿಗೆ ತಲುಪುವ ದಾರಿ. ಅಮೆರಿಕದ ಜಾನ್ ಫಿಲಿಪ್ ಸೂಸನ 1896ರ ‘ದಿ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಟ್ರಿಯೊಕ್ಕೆ ಹೋದ ಮೇಲೆ ಮೊದಲಿನ ಷಡ್ಜಕ್ಕೆ ವಾಪಸು ಬರುವುದೇ ಇಲ್ಲ. ಹೊರಟವರು ಹೊರಟೇಹೋದರು ಎನ್ನುವ ಹಾಗೆ.

ಈ ಹೊರಡುವಿಕೆಯೇ ಮಾರ್ಚುಗಳ ನಿಜವಾದ ವಸ್ತು ಎನ್ನಲು ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ರಷ್ಯಾದ್ದು. 1912ರಲ್ಲಿ ತಂಬೋವ್ ಎಂಬ ಊರಿನಲ್ಲಿ ವಾಸಿಲಿ ಅಗಾಪ್ಕಿನ್ ಎಂಬ ಅಶ್ವದಳದ ತುತ್ತೂರಿಗಾರ ‘ಸ್ಲಾವ್ ಹೆಣ್ಣಿನ ಬೀಳ್ಕೊಡುಗೆ’ ಎಂದು ಅರ್ಥ ಬರುವ ಹೆಸರಿಟ್ಟು ಒಂದು ಮಾರ್ಚ್ ಬರೆದ. ಆಗ ಬಾಲ್ಕನ್ ಯುದ್ಧ ನಡೆಯುತ್ತಿತ್ತು, ಗಂಡನನ್ನು, ಮಗನನ್ನು ದಂಡಿಗೆ ಕಳಿಸಿಕೊಡುವ ಹೆಂಗಸರು ಅವನ ಕಣ್ಣ ಮುಂದಿದ್ದರು. ಅದರ ಸ್ವರಗಳು ನಮ್ಮ ಕೀರವಾಣಿಯ ನೆರೆಹೊರೆಯವು. ಗೆದ್ದೇವು ಎಂಬ ಮಾತು ಅದರಲ್ಲಿ ಎಲ್ಲಿಯೂ ಕೇಳುವುದಿಲ್ಲ, ಹೋಗಿ ಬರುತ್ತೇನೆ ಎಂಬುದಷ್ಟೇ. ಮುಂದೆ ಅಂತರ್ಯುದ್ಧದಲ್ಲಿ ಬೊಲ್ಶೆವಿಕರ ಎದುರಾಳಿಗಳೂ ಅದೇ ಮಟ್ಟಿಗೆ ತಮ್ಮ ಪದ ಕಟ್ಟಿಕೊಂಡರು. 1957ರ ‘ಹಾರುವ ಕೊಕ್ಕರೆಗಳು’ ಚಿತ್ರದಲ್ಲಿ ಸ್ವಯಂಸೇವಕರನ್ನು ಕಳಿಸಿಕೊಡುವ ಜನಜಂಗುಳಿಯ ದೃಶ್ಯಕ್ಕೆ ಈ ಮಾರ್ಚನ್ನೇ ಬಳಸಿದ್ದಾರೆ. ಇವತ್ತಿಗೂ ಅಲ್ಲಿನ ಕೆಲವು ನಿಲ್ದಾಣಗಳಲ್ಲಿ ದೂರದ ರೈಲು ಹೊರಡುವಾಗ ಇದನ್ನು ಹಾಕುವ ರೂಢಿಯಿದೆ. ಯುದ್ಧವಿಲ್ಲ, ಸೈನಿಕರಿಲ್ಲ, ಸೂಟ್‌ಕೇಸು ಹಿಡಿದ ಪ್ರಯಾಣಿಕರು. ಆದರೂ ಹೊಂದುತ್ತದೆ.

ಇದೇ ಮಾತನ್ನು ಎಲ್ಲ ಮಾರ್ಚಿಗೂ ಹೇಳಲಾಗುವುದಿಲ್ಲ, ನಿಜ. ವಿಯೆನ್ನಾದ ಹೊಸವರ್ಷದ ಕಛೇರಿ ಮುಗಿಯುವುದು ‘ರಾಡೆಟ್ಸ್ಕಿ ಮಾರ್ಚ್’ನಿಂದ. ಸಭೆ ಪೂರ್ತಿ ಚಪ್ಪಾಳೆ ತಟ್ಟುತ್ತ ನಗುತ್ತದೆ. ಹಿರಿಯ ಯೋಹಾನ್ ಸ್ಟ್ರಾಸ್ ಅದನ್ನು ಬರೆದದ್ದು 1848ರಲ್ಲಿ, ಇಟಲಿಯ ನೆಲದಲ್ಲಿ ಆಸ್ಟ್ರಿಯಾದ ಸೇನಾಪತಿ ಸಾಧಿಸಿದ ವಿಜಯವನ್ನು ಮೆರೆಸಲು. ಚಪ್ಪಾಳೆ ತಟ್ಟುವವರಲ್ಲಿ ಎಷ್ಟು ಮಂದಿಗೆ ಅದು ನೆನಪಿರುತ್ತದೋ. ರಾಗ ಉಳಿದು ಕಾರಣ ಅಳಿಸಿಹೋಗುವುದು ಈ ಪ್ರಕಾರದ ಜಾಯಮಾನ, ಅದರ ಅಪಾಯ ಕೂಡ. ಯಾವ ಧ್ವಜದ ಹಿಂದೆ ಹೊರಟಿದ್ದೇವೆ ಎಂದು ಕಾಲು ಕೇಳುವುದಿಲ್ಲ.

ಕೆಲವು ಸಲ ಕಾರಣವೇ ತಮಾಷೆಯದಾಗಿರುತ್ತದೆ. ‘ಕರ್ನಲ್ ಬೋಗಿ’ ಬರೆದವನು ಕೆನೆತ್ ಆಲ್ಫರ್ಡ್ ಎಂಬ ಹೆಸರಿನ ಮರೆಯಲ್ಲಿದ್ದ ಬ್ರಿಟಿಷ್ ಬ್ಯಾಂಡ್ ಮಾಸ್ಟರ್ ಎಫ್.ಜೆ. ರಿಕೆಟ್ಸ್. ಗಾಲ್ಫ್ ಆಡುತ್ತಿದ್ದ ಒಬ್ಬ ಸೇನಾಧಿಕಾರಿ ಚೆಂಡು ಬಂತು, ದೂರ ಸರಿಯಿರಿ ಎಂದು ಕೂಗುವ ಬದಲು ಎರಡೇ ಸ್ವರದ ಸಿಳ್ಳೆ ಹಾಕುತ್ತಿದ್ದನಂತೆ. ಆ ಎರಡು ಸ್ವರಗಳಿಂದಲೇ 1914ರ ಆ ಮಾರ್ಚ್ ಶುರುವಾಗುತ್ತದೆ ಎಂದು ಕತೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಅದಕ್ಕೆ ಹಿಟ್ಲರನ ಮೇಲೆ ಪೋಲಿ ಪದ ಕಟ್ಟಿ ಹಾಡಿದರು. 1957ರಲ್ಲಿ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದವರು ಪೋಲಿ ಪದಗಳ ಗೊಡವೆಯೇ ಬೇಡವೆಂದು ಯುದ್ಧಕೈದಿಗಳ ಬಾಯಿಂದ ಬರೀ ಸಿಳ್ಳೆ ಹಾಕಿಸಿದರು. ಹರಿದ ಬೂಟಿನ ಆ ಕೈದಿಗಳು ಸಿಳ್ಳೆ ಹಾಕುತ್ತ ಶಿಬಿರದೊಳಗೆ ನಡೆದು ಬರುವುದನ್ನು ಕಂಡವರಿಗೆ ಗಾಲ್ಫ್ ನೆನಪಾಗಲಾರದು.

ನಮ್ಮ ದೇಶಕ್ಕೆ ಈ ವಿದ್ಯೆ ಬ್ರಿಟಿಷ್ ರೆಜಿಮೆಂಟುಗಳ ಜೊತೆ ಬಂತು. ಸ್ವಾತಂತ್ರ್ಯದ ಬಳಿಕ ಇದನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ ಒಬ್ಬರು. ಅವರು ಭೂಸೇನೆಯ ಮಹಾದಂಡನಾಯಕರಾಗಿದ್ದಾಗ, 1950ರಲ್ಲಿ, ಮಧ್ಯಪ್ರದೇಶದ ಸಾತ್ಪುರ ಬೆಟ್ಟಗಳ ನಡುವಿನ ಪಚ್‌ಮಢಿಯಲ್ಲಿ ಸೇನಾ ಸಂಗೀತದ ಶಾಲೆ ಶುರುವಾಯಿತು. ಸೇನೆಯ ಬ್ಯಾಂಡುಗಳಿಗೆ ವಾದಕರನ್ನು ತಯಾರು ಮಾಡುವ ಗುರುಕುಲ ಇವತ್ತಿಗೂ ಅದೇ.

ಸ್ವದೇಶಿ ಮಾರ್ಚಿನ ಕತೆ ಮಾತ್ರ ಅದಕ್ಕೂ ಹಳೆಯದು. ಗೂರ್ಖಾ ರೆಜಿಮೆಂಟಿನ ಬ್ಯಾಂಡಿನಲ್ಲಿ ಕಲಿತ ರಾಮ್ ಸಿಂಗ್ ಠಾಕೂರಿ ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕು, ಆಮೇಲೆ ಆಜಾದ್ ಹಿಂದ್ ಫೌಜಿಗೆ ಸೇರಿದರು. ‘ಕದಮ್ ಕದಮ್ ಬಢಾಯೇ ಜಾ’ಕ್ಕೆ ಮಟ್ಟು ಹಾಕಿದ್ದು ಅವರು, ಸಾಹಿತ್ಯ ವಂಶೀಧರ ಶುಕ್ಲರದು. ಬ್ರಿಟಿಷರ ವಿರುದ್ಧ ಹೊರಟ ಸೇನೆಗೆ ಬ್ರಿಟಿಷ್ ಬ್ಯಾಂಡಿನಲ್ಲಿ ಕಲಿತ ಕೈ ನೆರವಾಯಿತು. ಒಂದು ಕಾಲಕ್ಕೆ ಬ್ರಿಟಿಷರು ನಿಷೇಧಿಸಿದ್ದ ಆ ಮಟ್ಟನ್ನು ಇಂದು ನಮ್ಮ ಸೇನೆಯ ಬ್ಯಾಂಡುಗಳು ಕ್ವಿಕ್ ಮಾರ್ಚಾಗಿ ನುಡಿಸುತ್ತವೆ.

ಇವೆಲ್ಲ ಒಂದೆಡೆ ಸೇರುವ ದಿನ ಜನವರಿ 29. ದೆಹಲಿಯ ವಿಜಯ್ ಚೌಕದಲ್ಲಿ ಸಂಜೆ ಬೀಟಿಂಗ್ ರಿಟ್ರೀಟ್. ಸೂರ್ಯ ಮುಳುಗಿದಾಗ ಡ್ರಮ್ ಬಾರಿಸಿ ಸೈನಿಕರನ್ನು ಪಾಳೆಯಕ್ಕೆ ವಾಪಸು ಕರೆಯುವ ಹದಿನೇಳನೇ ಶತಮಾನದ ಇಂಗ್ಲಿಷ್ ಪದ್ಧತಿ ಅದರ ಮೂಲ. ಇಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟವರು 1950ರ ದಶಕದ ಆರಂಭದಲ್ಲಿ ಗ್ರೆನೇಡಿಯರ್ಸ್ ರೆಜಿಮೆಂಟಿನ ಮೇಜರ್ ರಾಬರ್ಟ್ಸ್. ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳ ಗೋಡೆಯ ಮೇಲೆ ಒಂಟೆಗಳು ಸಾಲಾಗಿ ನಿಂತಿರುತ್ತವೆ. ಕೊನೆಗೆ ‘ಸಾರೇ ಜಹಾಂ ಸೆ ಅಚ್ಛಾ’ ನುಡಿಸುತ್ತ ಬ್ಯಾಂಡುಗಳು ರೈಸಿನಾ ಗುಡ್ಡದ ಕಡೆ ಹಿಂತಿರುಗುತ್ತವೆ, ದೀಪಗಳು ಹೊತ್ತುತ್ತವೆ. ಹಲವು ದಶಕ ಆ ಸಂಜೆಯಲ್ಲಿ ಗಾಂಧೀಜಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಪ್ರಾರ್ಥನೆಯನ್ನು ಗಂಟೆಗಳ ಪ್ರತಿಧ್ವನಿಯೊಂದಿಗೆ ನುಡಿಸುತ್ತಿದ್ದರು. 2022ರಲ್ಲಿ ಅದನ್ನು ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ತಂದರು. ಭಾರತದ ಸೇನೆ ಭಾರತದ ರಾಗ ನುಡಿಸಲಿ ಎಂಬ ಆಸೆಯಲ್ಲಿ ತಪ್ಪೇನಿಲ್ಲ. ಆದರೂ ಅಷ್ಟು ಮಾರ್ಚುಗಳ ನಡುವೆ ಕಾಲುಗಳನ್ನು ಸುಮ್ಮನೆ ನಿಲ್ಲಿಸುತ್ತಿದ್ದ ಆ ನಾಲ್ಕು ನಿಮಿಷ ಹೋದದ್ದು ನನಗೆ ನಷ್ಟವಾಗಿಯೇ ಕಾಣುತ್ತದೆ.

ಮೈಸೂರಿನದು ಬೇರೆಯೇ ದಾರಿ. ಒಡೆಯರ ಅರಮನೆಯ ಬ್ಯಾಂಡಿನ ಪರಂಪರೆ ಸಂಸ್ಥಾನದ ನಂತರ ಪೊಲೀಸ್ ಬ್ಯಾಂಡಿಗೆ ಬಂತು. ಅದರಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂದು ಎರಡು ಕವಲು. ಒಂದು ಕಡೆ ಸೂಸ, ಇನ್ನೊಂದು ಕಡೆ ತ್ಯಾಗರಾಜರು. ಬಸವಪ್ಪ ಶಾಸ್ತ್ರಿಗಳು ರಚಿಸಿದ ಸಂಸ್ಥಾನಗೀತೆ ‘ಕಾಯೌ ಶ್ರೀ ಗೌರಿ’ ಆ ಕಹಳೆಗಳಲ್ಲಿ ಮೊಳಗಿದ್ದನ್ನು ಕೇಳಿಯೇ ಬೆಳೆದ ತಲೆಮಾರುಗಳಿವೆ. ಜಯಚಾಮರಾಜ ಒಡೆಯರಂತೂ ಪಿಯಾನೊ ನುಡಿಸುತ್ತಲೇ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಈ ಬೆರಕೆಯಿಂದ ಆದ ದೊಡ್ಡ ಉಪಕಾರವೊಂದನ್ನು ಹೇಳಬೇಕು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರ ಮನೆಯ ಹುಡುಗನೊಬ್ಬ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೇ ಮನಸ್ಸು ಕೊಟ್ಟ. ಆ ಹುಡುಗನೇ ಕದ್ರಿ ಗೋಪಾಲನಾಥ್.

ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟೂ ಇದೇ ವಂಶದ್ದು. ಭುಜಕ್ಕೆ ಜರತಾರಿ ಗೊಂಡೆ, ಕೆಂಪು ಕೋಟು, ಸೈನ್ಯದಿಂದ ಬೀದಿಗಿಳಿದ ಟ್ರಂಪೆಟ್ಟು. ಆ ವಾದ್ಯಗಳಿಗೆ ಉತ್ತರ ಭಾರತದಲ್ಲಿ ತವರು ಮೀರತ್‌ನ ಜಲಿ ಕೋಠಿ. ಅದೂ ಹಳೆಯ ದಂಡಿನೂರೇ.

ಕೌಶಲ್ಯದ ಮಾತಿಗೆ ಬರೋಣ. ನಡೆಯುತ್ತ ಊದುವುದು ಸುಲಭವಲ್ಲ. ಹಿಮ್ಮಡಿ ನೆಲಕ್ಕೆ ತಾಕಿದ ಪೆಟ್ಟು ಬೆನ್ನೇರಿ ತುಟಿಗೆ ಬಂದರೆ ಸ್ವರ ನಡುಗುತ್ತದೆ. ಹಾಗಾಗಿ ಸೊಂಟದ ಮೇಲಿನ ಮೈ ಅಲುಗದಂತೆ ನಡೆಯುವುದನ್ನು ಮೊದಲು ಕಲಿಯಬೇಕು. ಮುಂದೆ ಡ್ರಮ್ ಮೇಜರನ ದಂಡ ಸನ್ನೆ ಕೊಡುತ್ತದೆ, ಆದರೆ ಇಡೀ ದಳದ ಲಯ ಇರುವುದು ಬಾಸ್ ಡ್ರಮ್ ಹೊತ್ತವನ ಕೈಯಲ್ಲಿ. ಅವನ ಏಟು ಬಿದ್ದಾಗ ಎಲ್ಲರ ಎಡಗಾಲು ನೆಲದಲ್ಲಿರಬೇಕು. ತೊಂದರೆ ಏನೆಂದರೆ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ಬ್ಯಾಂಡಿನಿಂದ 170 ಮೀಟರ್ ಹಿಂದೆ ಬರುತ್ತಿರುವವನಿಗೆ ಆ ಏಟು ಅರ್ಧ ಸೆಕೆಂಡ್, ಅಂದರೆ ಸರಿಯಾಗಿ ಒಂದು ಹೆಜ್ಜೆ, ತಡವಾಗಿ ತಲುಪುತ್ತದೆ. ಮುಂದಿನವರು ಬಲಗಾಲು ಇಡುವಾಗ ಅವನು ಎಡಗಾಲು ಇಡುತ್ತಾನೆ. ಉದ್ದನೆಯ ಪರೇಡನ್ನು ಎತ್ತರದಿಂದ ನೋಡಿದಾಗ ಹೆಜ್ಜೆ ಅಲೆಯಂತೆ ಹಿಂದಕ್ಕೆ ಸಾಗುವುದು ಕಾಣುವುದಿದ್ದರೆ ಅದರಲ್ಲಿ ಯಾರ ಅಶಿಸ್ತೂ ಇಲ್ಲ.

ಸುಸಜ್ಜಿತ ಸಮವಸ್ತ್ರ ನೋಡಿ, ಇವರದು ಮೆರವಣಿಗೆಯ ಕೆಲಸವಷ್ಟೇ ಎಂದು ತಿಳಿಯುವವರಿದ್ದಾರೆ. ಆದರೆ ಯುದ್ಧ ಬಂದರೆ ವಾದ್ಯ ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರ್ ಹೊರುವುದು ಬ್ಯಾಂಡಿನವರ ಹೊಣೆ. ಹೊರಡುವವರಿಗೆ ಟ್ರಿಯೊ ನುಡಿಸಿದ ಕೈಗಳೇ ಅವರನ್ನು ಎತ್ತಿ ತರಬೇಕು. ಬ್ರಿಟಿಷ್ ಸೇನೆಯ ಹಳೆಯ ರೂಢಿಯಲ್ಲಿ ಶವಯಾತ್ರೆಗೆ ಡ್ರಮ್ಮಿಗೆ ಕಪ್ಪುಬಟ್ಟೆ ಹೊದಿಸಿ ನಿಧಾನ ಹೆಜ್ಜೆಯ ಮಾರ್ಚ್ ನುಡಿಸುತ್ತಾರೆ, ಸಂಗೀತಗಾರ ಹೆಂಡೆಲ್‌ನ ‘ಸಾಲ್’ ಎಂಬ ಕೃತಿಯಿಂದ ತೆಗೆದದ್ದು ಅದರಲ್ಲಿ ಪ್ರಸಿದ್ಧ. ಮಣ್ಣು ಮಾಡಿ ಮರಳುವಾಗ ಬಟ್ಟೆ ತೆಗೆದು ಕ್ವಿಕ್ ಮಾರ್ಚ್. ಮೊದಲು ಕೇಳಿದಾಗ ಇದು ನನಗೆ ಕ್ರೂರವೆನಿಸಿತ್ತು. ಆದರೆ ಉಳಿದವರು ನಾಳೆ ಮತ್ತೆ ಕೆಲಸಕ್ಕೆ ನಿಲ್ಲಬೇಕಲ್ಲ, ಅವರ ಕಾಲನ್ನಾದರೂ ಮನೆಯ ಕಡೆ ತಿರುಗಿಸಬೇಕು.

ಮುಂದಿನ ದಸರೆಯಲ್ಲೋ, ಟಿ.ವಿ.ಯಲ್ಲಿ ಬರುವ ಬೀಟಿಂಗ್ ರಿಟ್ರೀಟಿನಲ್ಲೋ ಮಾರ್ಚ್ ಕೇಳುವಾಗ ಟ್ರಂಪೆಟ್ಟನ್ನು ಅದರ ಪಾಡಿಗೆ ಬಿಡಿ. ಟ್ರಿಯೊ ಬಂದಾಗ ಯೂಫೋನಿಯಂ ಹಿಡಿಯಿರಿ. ಮಡಿಲಲ್ಲಿ ಮಗುವನ್ನು ಅವುಚಿದಂತೆ ಎದೆಗಾನಿಸಿಕೊಂಡು ಊದುವ, ಗಂಡಸಿನ ದನಿಯ ಹಿತ್ತಾಳೆ ವಾದ್ಯ. ಮುಖ್ಯ ರಾಗದ ಕೆಳಗೆ ಅದು ತನ್ನದೇ ಒಂದು ಎದುರು ರಾಗವನ್ನು ಯಾರ ಗಮನಕ್ಕೂ ಕಾಯದೆ ನುಡಿಸಿಕೊಂಡು ಹೋಗುತ್ತಿರುತ್ತದೆ. ಮೊದಲ ಸಲಕ್ಕೆ ಸಿಗದಿದ್ದರೆ ಗಾಬರಿ ಬೇಡ, ಟ್ರಿಯೊವನ್ನು ಸಾಮಾನ್ಯವಾಗಿ ಎರಡು ಸಲ ನುಡಿಸುತ್ತಾರೆ.